ಬೆನ್ನುನೋವಿನ ಹೆಸರಲ್ಲಿ ಒಂದು ಗಂಟೆ

ಮಧ್ಯಾಹ್ನ ಹನ್ನೆರಡೂಕಾಲಿಗೆ ವಡೋದರಾದ ಯಾವುದೇ ರಸ್ತೆಯಲ್ಲಿ ನಿಂತು ನೋಡಿ. ಅರ್ಧ ಊರಿನ ಮಕ್ಕಳು ಬೆವರಿಳಿಸಿಕೊಂಡು ಶಾಲೆಯಿಂದ ಮನೆಗೆ ಬರುತ್ತಿರುತ್ತಾರೆ. ಇನ್ನರ್ಧ ಊರಿನ ಮಕ್ಕಳು ಆಗಷ್ಟೇ ತಲೆ ಬಾಚಿಸಿಕೊಂಡು, ಇಸ್ತ್ರಿ ಮಾಡಿದ ಬಟ್ಟೆ ತೊಟ್ಟು ಶಾಲೆಗೆ ಹೊರಟಿರುತ್ತಾರೆ. ಗದಗದಿಂದ ಬಂದ ಮೊದಲ ವಾರ ಇದನ್ನು ಕಂಡು, ಯಾರೋ ದೊಡ್ಡವರು ತೀರಿಕೊಂಡಿರಬೇಕು, ಶಾಲೆಗಳಿಗೆ ಅರ್ಧ ದಿನ ರಜೆ ಕೊಟ್ಟಿದ್ದಾರೆ ಎಂದುಕೊಂಡಿದ್ದೆ. ಮಕ್ಕಳನ್ನು ಸೇರಿಸಲು ಹೋದಾಗ ಶಾಲೆಯ ಗುಮಾಸ್ತೆ ಎರಡು ಅರ್ಜಿಗಳ ಮೇಲೆ ಎರಡು ಬೇರೆ ಬೇರೆ ಮುದ್ರೆ ಒತ್ತಿದಳು. ದೊಡ್ಡವಳಿಗೆ ಸವಾರ್ ಪಾಳಿ, ಚಿಕ್ಕವಳಿಗೆ ಬಪೋರ್ ಪಾಳಿ. ಸವಾರ್ ಎಂದರೆ ಬೆಳಗು, ಬಪೋರ್ ಎಂದರೆ ಮಧ್ಯಾಹ್ನ, ಪಾಳಿ ನಮ್ಮ ಪಾಳಿಯೇ. ಒಂದೇ ಕಟ್ಟಡ, ಒಂದೇ ಬೆಂಚು, ಬೆಳಿಗ್ಗೆ ಒಬ್ಬರು, ಮಧ್ಯಾಹ್ನ ಇನ್ನೊಬ್ಬರು.

"ಹಾಗಾದರೆ ತಾಯಿಗೆ ಯಾವ ಪಾಳಿ?" ಎಂದು ನನ್ನ ಹರಕು ಹಿಂದಿಯಲ್ಲಿ ಕೇಳಿದೆ. ಅವಳು ಬಾಯಿತುಂಬ ನಕ್ಕಳು. ನಾನು ತಮಾಷೆ ಮಾಡಿರಲಿಲ್ಲ.

ಹದಿಮೂರರ ಅನಘಾ ಬೆಳಿಗ್ಗೆ ಆರೂ ನಲವತ್ತಕ್ಕೆ ಮನೆ ಬಿಡುತ್ತಾಳೆ. ನನ್ನ ಗಂಡ ಗಿರೀಶ ಮಕರಪುರದಲ್ಲಿ ವಿದ್ಯುತ್ ಉಪಕರಣ ತಯಾರಿಸುವ ಕಾರ್ಖಾನೆಯ ಇಂಜಿನಿಯರು. ಅವರ ಕಂಪನಿ ಬಸ್ಸು ಏಳೂವರೆಗೆ. ಏಳು ವರ್ಷದ ಇಳಾ ಎದ್ದು ಕೂರುವುದೇ ಎಂಟೂವರೆಗೆ. ಹತ್ತೂವರೆಗೆ ರಿಕ್ಷಾದವರೊಬ್ಬರು ಬಂದು ಸೊಸೈಟಿ ಎಂದು ಇಲ್ಲಿ ಕರೆಯುವ ನಮ್ಮ ವಸತಿ ಸಮುಚ್ಚಯದ ನಾಲ್ಕಾರು ಮನೆಗಳಿಂದ ಬಿಸಿ ಊಟದ ಡಬ್ಬಿಗಳನ್ನು ಮಕರಪುರದ ಕಾರ್ಖಾನೆಗಳಿಗೆ ಒಯ್ಯುತ್ತಾರೆ. ಹನ್ನೆರಡಕ್ಕೆ ಇಳಾ ಉಂಡು ವ್ಯಾನ್ ಹತ್ತಬೇಕು. ಹನ್ನೆರಡೂ ಮುಕ್ಕಾಲಿಗೆ ಅನಘಾ ಹಸಿದು ಬರುತ್ತಾಳೆ. ಅವಳಿಗೆ ಬಡಿಸಿ, ಟ್ಯೂಷನ್ನಿಗೆ ಕಳಿಸಿ, ಉಸ್ಸೆಂದು ಕೂತರೆ ಐದೂವರೆಗೆ ಇಳಾ ಹಾಜರು. ಒಂದು ಮಗು ಒಳಗೆ ಬರುವ ಹೊತ್ತಿಗೆ ಇನ್ನೊಂದು ಹೊರಗೆ. ಇದು ಮನೆಯೋ, ಬಸ್ ನಿಲ್ದಾಣವೋ ಎಂದು ಎಷ್ಟೋ ಸಲ ಗಿರೀಶನ ಮುಂದೆ ರೇಗಿದ್ದೇನೆ.

ಗದಗದಲ್ಲಿ ನನಗೆ ಬೇಕಾದಷ್ಟು ಸಮಯವಿತ್ತು ಎಂದು ಹೇಳಿದರೆ ಸುಳ್ಳಾಗುತ್ತದೆ. ಅಲ್ಲಿಯೂ ಬೆಳಗಿನಿಂದ ರಾತ್ರಿಯವರೆಗೆ ಓಟವೇ. ಆದರೆ ಮಕ್ಕಳಿಬ್ಬರೂ ಹತ್ತಕ್ಕೆ ಜೊತೆಯಾಗಿ ಹೋಗಿ ಸಂಜೆ ಜೊತೆಯಾಗಿ ಬರುತ್ತಿದ್ದರು. ಮನೆಯಲ್ಲಿ ಅತ್ತೆ, ಭಾವ, ನೆಗೆಣ್ಣಿ ಇದ್ದರು. ನಾನು ಒಂಬತ್ತು ವರ್ಷ ಪ್ರೌಢಶಾಲೆಯಲ್ಲಿ ಗಣಿತ ಕಲಿಸಿದೆ. ದಣಿದು ಬಂದರೆ ಆ ದಣಿವಿಗೊಂದು ಹೆಸರಿತ್ತು, ಟೀಚರಮ್ಮ ದಣಿದಿದ್ದಾರೆ ಎನ್ನುತ್ತಿದ್ದರು. ಇಲ್ಲಿ ಲಿಫ್ಟಿನಲ್ಲಿ ಸಿಕ್ಕವರೆಲ್ಲ "ತಮೇ ಶೂ ಕರೋ ಛೋ?" ಎನ್ನುತ್ತಿದ್ದರು, ನೀವೇನು ಮಾಡುತ್ತೀರಿ ಎಂದು. ಅದಕ್ಕೆ ಉತ್ತರವಾಗಿ ನಾನು ಕಲಿತ ಮೊದಲ ಗುಜರಾತಿ ವಾಕ್ಯ "ಹೂಂ ಘರೇ ಛೂಂ", ನಾನು ಮನೆಯಲ್ಲಿದ್ದೇನೆ. ದಿನಕ್ಕೆ ನಾಲ್ಕು ಸಲ ಬೇರೆ ಬೇರೆಯವರಿಗೆ ಬೇರೆ ಬೇರೆ ಊಟ ಬಡಿಸುವವಳು ತಾನು ಏನೂ ಮಾಡುತ್ತಿಲ್ಲ ಎಂದು ಪರಭಾಷೆಯಲ್ಲಿ ತಪ್ಪಿಲ್ಲದೆ ಹೇಳಲು ಕಲಿತಳು.

ಆ ದಿನಗಳಲ್ಲಿ ನನ್ನನ್ನು ಕಾಪಾಡಿದವರು ಎದುರು ಬಾಗಿಲಿನ ರಸೀಲಾಬೆನ್. ಅರವತ್ತು ದಾಟಿದ ಹೆಂಗಸು, ದಪ್ಪ ಕನ್ನಡಕ, ಗಟ್ಟಿ ಗಂಟಲು. ಇಲ್ಲಿನ ಬೇಳೆಸಾರಿಗೆ ಬೆಲ್ಲ ಬೀಳುತ್ತದೆ, ರೊಟ್ಟಿ ಎಂದರೆ ಗೋಧಿಯದು. ನನಗೋ ಜೋಳದ ರೊಟ್ಟಿ ಇಲ್ಲದೆ ಊಟ ಊಟವೇ ಅಲ್ಲ. ಒಂದು ದಿನ ನಾನು ಜೋಳದ ಚೀಲ ಹಿಡಿದು ಗಿರಣಿ ಹುಡುಕುತ್ತ ಹೊರಟಾಗ ಅವರು ಚೀಲವನ್ನು ಕಿತ್ತುಕೊಂಡು ತಮ್ಮ ಬಾಲ್ಕನಿಗೆ ಕರೆದೊಯ್ದರು. ಅಲ್ಲಿ ಕಪಾಟಿನಂಥ ಒಂದು ಯಂತ್ರವಿತ್ತು. ಘರಘಂಟಿ, ಮನೆಯೊಳಗೇ ಇಟ್ಟುಕೊಳ್ಳುವ ಕರೆಂಟಿನ ಗಿರಣಿ. ಇಲ್ಲಿ ಎಷ್ಟೋ ಮನೆಗಳಲ್ಲಿ ಅದಿದೆ. ಅವತ್ತಿನಿಂದ ನನ್ನ ಜೋಳ ಅವರ ಘಂಟಿಯಲ್ಲಿ, ಇಳಾ ಅವರ ಸೋಫಾದಲ್ಲಿ. ಇಳಾ ಅವರನ್ನು 'ಬಾ' ಎನ್ನುತ್ತಾಳೆ, ಅಂದರೆ ಅಜ್ಜಿ. ಅವರಿಂದಲೇ ಗುಜರಾತಿ ಕಲಿತು ಈಗ ನಾನು ಕನ್ನಡದಲ್ಲಿ ಬೈದರೆ ಗುಜರಾತಿಯಲ್ಲಿ ಉತ್ತರ ಕೊಡುತ್ತಾಳೆ.

ಇನ್ನು ಈಜಿನ ವಿಷಯ. ನಮ್ಮ ಮನೆಯಿಂದ ತರಕಾರಿ ಮಾರುಕಟ್ಟೆಗೆ ಹೋಗುವ ದಾರಿಯಲ್ಲಿ ಒಂದು ಈಜುಕೊಳವಿದೆ. ಕಬ್ಬಿಣದ ಗೇಟಿನ ಸಂದಿಯಿಂದ ಒಂದು ಬೆಳಿಗ್ಗೆ ಒಳಗೆ ಕಣ್ಣು ಹಾಯಿಸಿದೆ. ಹೆಂಗಸರ ಹೊತ್ತು ಅದು. ನನಗಿಂತ ದೊಡ್ಡವರು, ಮೊಣಕಾಲು ಮುಚ್ಚುವ ಕಪ್ಪು ಉಡುಪು, ತಲೆಗೆ ರಬ್ಬರಿನ ಟೋಪಿ. ಒಬ್ಬ ಅಜ್ಜಿ ಮೂಗು ಹಿಡಿದುಕೊಂಡು ದಢಾರನೆ ನೀರಿಗೆ ಹಾರಿದರು. ನಾನು ನಿಂತಲ್ಲೇ ನಿಂತೆ. ನಮ್ಮೂರಲ್ಲಿ ನಳದ ನೀರು ಬರುವುದಕ್ಕೆ ಎಂಟು ಹತ್ತು ದಿನ ಕಾಯುತ್ತಿದ್ದೆವು. ಕೊಡ, ಬಕೆಟ್ಟು, ಕೊನೆಗೆ ಪಾತ್ರೆಗಳನ್ನೂ ತುಂಬಿಸಿಡುತ್ತಿದ್ದೆವು. ನೀರೆಂದರೆ ನನಗೆ ಹೊರುವ ವಸ್ತು, ಉಳಿಸುವ ವಸ್ತು. ಅದು ನನ್ನನ್ನು ಹೊರಬಹುದು ಎಂಬುದು ಮೂವತ್ತೊಂಬತ್ತು ವರ್ಷ ನನಗೆ ಹೊಳೆದಿರಲಿಲ್ಲ. ಆ ಅಜ್ಜಿ ನೀರಿನ ಮೇಲೆ ಅಂಗಾತ ಮಲಗಿ ಆಕಾಶ ನೋಡುತ್ತಿದ್ದುದನ್ನು ಕಂಡು ಹೊಟ್ಟೆಕಿಚ್ಚಾಯಿತು, ಅಪ್ಪಟ ಹೊಟ್ಟೆಕಿಚ್ಚು. ಈ ಗೋಡೆಯಿಂದ ಆ ಗೋಡೆಗೆ ನಡುವೆ ಎಲ್ಲೂ ನಿಲ್ಲದೆ ಈಜಬೇಕು. ನನಗೆ ಬೇಕಾದದ್ದು ಅಷ್ಟೇ.

ಹೆಂಗಸರ ಹೊತ್ತು ಬೆಳಿಗ್ಗೆ ಹತ್ತರಿಂದ ಹನ್ನೊಂದು. ಡಬ್ಬಿ ಹೋಗುವ ಹೊತ್ತು, ಇಳಾ ಮನೆಯಲ್ಲಿರುವ ಹೊತ್ತು. ನಾನು ಬಾಯಿ ಬಿಡಲಿಲ್ಲ.

ಜೂನ್‌ನಲ್ಲಿ ಶಾಲೆ ತೆರೆದ ವಾರ ನಮ್ಮ ಸೊಸೈಟಿಯ ಮಹಿಳಾ ಮಂಡಲದವರು ಒಂದು ಕಾರ್ಯಕ್ರಮ ಇಟ್ಟಿದ್ದರು. 'ತಾಯಂದಿರೇ, ನಿಮ್ಮ ಗುರಿ ಏನು?' ಎಂಬುದು ವಿಷಯ. ಭಾಷಣಕ್ಕೆ ಬಂದಾಕೆ ರೇಷ್ಮೆ ಸೀರೆ ಉಟ್ಟು, ಕಿವಿಗೆ ಮೈಕು ಸಿಕ್ಕಿಸಿಕೊಂಡಿದ್ದರು. ದಿನಕ್ಕೆ ಇಪ್ಪತ್ನಾಲ್ಕು ಗಂಟೆ ಎಲ್ಲರಿಗೂ ಸಮ, ಸಮಯವಿಲ್ಲ ಎಂಬುದು ನೆಪ, ಬೆಳಿಗ್ಗೆ ನಾಲ್ಕಕ್ಕೆ ಎದ್ದರೆ ಎರಡು ಗಂಟೆ ನಿಮ್ಮದೇ ಎಂದರು. ನನ್ನ ಮೈ ಉರಿಯಿತು. ನಾನು ಐದಕ್ಕೆ ಏಳುವವಳು. ನಿದ್ದೆಯೊಂದೇ ಉಳಿದಿತ್ತು, ಅದನ್ನೂ ಕೊಟ್ಟು ನನ್ನ ಗುರಿಯನ್ನು ಕೊಂಡುಕೊಳ್ಳಬೇಕಂತೆ. ಮನೆಯವರ ಹೊತ್ತಿನಲ್ಲಿ ಒಂದು ತುಣುಕೂ ಮುಟ್ಟದ ಹಾಗೆ, ಕಳ್ಳರು ಓಡಾಡುವ ಹೊತ್ತಿನಲ್ಲಿ, ಯಾರಿಗೂ ಎಚ್ಚರವಾಗದಂತೆ. ಗಂಡಸರ ಸಭೆಯಲ್ಲಿ ನಿಂತು ಈಕೆ ಹೀಗೆ ಹೇಳುತ್ತಾರೆಯೇ?

ನಂತರ ಎಲ್ಲರಿಗೂ ಒಂದೊಂದು ಗುಲಾಬಿ ಬಣ್ಣದ ಚೀಟಿ ಹಂಚಿ ಗುರಿ ಬರೆಯಲು ಹೇಳಿದರು. ಒಬ್ಬೊಬ್ಬರೂ ಎದ್ದು ಓದಿದರು. ಮಗನಿಗೆ ಇಂಜಿನಿಯರಿಂಗ್ ಸೀಟು. ಗಂಡನ ತಂಬಾಕು ಬಿಡಿಸುವುದು. ನಾದಿನಿಯ ಮದುವೆಯಲ್ಲಿ ಅತ್ತೆಗೆ ನಾಚಿಕೆಯಾಗದಂತೆ ಆರು ಕಿಲೋ ಇಳಿಸುವುದು. ಇಪ್ಪತ್ತಮೂರು ಹೆಂಗಸರು, ಇಪ್ಪತ್ತಮೂರು ಗುರಿ, ಒಂದರಲ್ಲೂ ಬರೆದವಳು ಇರಲಿಲ್ಲ. ನನ್ನ ಸರದಿ ಬಂತು. "ಈಜು ಕಲಿಯಬೇಕು, ಒಂದು ಗೋಡೆಯಿಂದ ಇನ್ನೊಂದು ಗೋಡೆಗೆ" ಎಂದು ಓದಿದೆ. ಆಕೆ ಮುಗುಳ್ನಕ್ಕು, ತಲೆ ಸ್ವಲ್ಪ ಓರೆ ಮಾಡಿ ಕೇಳಿದರು. "ಬಹುತ್ ಅಚ್ಛಾ. ಇಸ್ಸೇ ಪರಿವಾರ್ ಕೋ ಕ್ಯಾ ಲಾಭ್ ಹೋಗಾ?"

ಇದರಿಂದ ಕುಟುಂಬಕ್ಕೇನು ಲಾಭ. ಎಲ್ಲರೂ ನನ್ನತ್ತ ತಿರುಗಿ ನೋಡುತ್ತಿದ್ದರು. ಏನೂ ಇಲ್ಲ, ಎಂದು ಹೇಳಬೇಕಿತ್ತು. ಒಂಬತ್ತು ವರ್ಷ ತರಗತಿಗಳನ್ನು ಗದರಿಸಿ ಕೂರಿಸಿದ ಗಂಟಲು ನನ್ನದು. ಆದರೆ ಬಾಯಿಂದ ಬಂದದ್ದೇ ಬೇರೆ. "ಬೆನ್ನುನೋವು. ಡಾಕ್ಟರು ಹೇಳಿದ್ದಾರೆ, ಈಜಲೇಬೇಕೆಂದು."

ಇಡೀ ಸಭೆ ನಿಟ್ಟುಸಿರು ಬಿಟ್ಟಿತು. ಅಯ್ಯೋ ಪಾಪ, ಎರಡು ಮಕ್ಕಳ ತಾಯಿ. ಪಕ್ಕದವಳು ನನ್ನ ಬೆನ್ನು ಸವರಿದಳು, ಭಾಷಣದಾಕೆ ಚಪ್ಪಾಳೆ ತಟ್ಟಿಸಿದರು. ಸಭೆ ಮುಗಿಯುವಷ್ಟರಲ್ಲಿ ರಸೀಲಾಬೆನ್ ನನ್ನ ಮೊಣಕೈ ಹಿಡಿದು ತೀರ್ಮಾನ ಕೊಟ್ಟಿದ್ದರು: ದಿನಾ ಒಂಬತ್ತೂವರೆಯಿಂದ ಹನ್ನೊಂದೂಕಾಲು ಇಳಾ ತಮ್ಮ ಮನೆಯಲ್ಲಿ, ನಾನು ನೀರಲ್ಲಿ. ವರ್ಷಗಟ್ಟಲೆ ಎಲ್ಲೂ ಸಿಗದ ಒಂದು ಗಂಟೆ ಒಂದೇ ಸುಳ್ಳಿಗೆ ಸಿಕ್ಕಿತು.

ಸಂಜೆ ಗಿರೀಶ ಬಂದವರೇ ಚಪ್ಪಲಿ ಬಿಡುವ ಮುಂಚೆ ಕೇಳಿದರು. "ನಿನ್ನ ಬೆನ್ನು ನೋಯಾಕತ್ತೈತಿ ಅನ್ನೂದು ಲಿಫ್ಟಿನ್ಯಾಗ ಮಂದಿ ಹೇಳಿ ನನಗ ಗೊತ್ತಾಗಬೇಕೇನು?"

ಆಗಲಾದರೂ ಹೇಳಬಹುದಿತ್ತು. ಅವರ ಮುಖದಲ್ಲಿ ನಿಜವಾದ ಗಾಬರಿ ಇತ್ತು, ನನಗೆ ನಾಚಿಕೆಯಾಯಿತು. "ಭಾಳೇನಿಲ್ರಿ, ಸ್ವಲ್ಪ ಐತಿ" ಎಂದೆ. ಅಲ್ಲಿಗೆ ಸುಳ್ಳು ಮನೆಯೊಳಕ್ಕೂ ಬಂತು. ಮರುದಿನದಿಂದ ನೀರಿನ ಕ್ಯಾನು ಅವರೇ ಎತ್ತಿದರು, ಗ್ಯಾಸಿನ ಸಿಲಿಂಡರು ಅವರೇ ಬದಲಿಸಿದರು. ಡಬ್ಬಿ ಬೇಡ, ಕ್ಯಾಂಟೀನಿನಲ್ಲಿ ಉಣ್ಣುತ್ತೇನೆ ಎಂದರು. ಗದಗಕ್ಕೆ ಫೋನೂ ಹೋಯಿತು. ಹತ್ತು ದಿನದಲ್ಲಿ ಅತ್ತೆ ಕೈಯಾರೆ ಕಾಯಿಸಿದ ಎಣ್ಣೆಯ ಬಾಟಲಿ ಬಂತು, ಜೊತೆಗೆ ದಿನ ಬಿಟ್ಟು ದಿನ ಅವರ ಫೋನು. "ಬೆನ್ನು ಹೆಂಗೈತವಾ? ಭಾರ ಎತ್ತಬ್ಯಾಡ. ನೀರಾಗ ಕೈಕಾಲು ಆಡಿಸು, ಡಾಕ್ಟರು ಹೇಳಿದ್ರ ಮಾಡಬೇಕು."

ಕೇಡಿಗರ ನಡುವೆ ಸಿಕ್ಕಿಬಿದ್ದಿದ್ದರೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ. ಎಲ್ಲರೂ ಒಳ್ಳೆಯವರು. ನನಗೆ ನೋವಿದೆ ಎಂದರೆ ತಮ್ಮ ಕೈಯಲ್ಲಿದ್ದುದನ್ನು ಬಿಟ್ಟು ಓಡಿಬರುವವರು. ನನಗೊಂದು ಆಸೆ ಇದೆ ಎಂದರೆ ಮಾತ್ರ ಇವರಿಗೆ ಏನು ಮಾಡಬೇಕೋ ತೋಚುವುದಿಲ್ಲ. ತಾಯಿಯಾದವಳಿಗೆ ರೋಗ ಬರಬಹುದು, ಬಯಕೆ ಬರಬಾರದು. ಬಸುರಿಯಾಗಿದ್ದಾಗ ಬಯಕೆಗೆ ಊರೆಲ್ಲ ಅಡುಗೆ ಮಾಡಿ ತಂದಿತ್ತು. ಹೆತ್ತ ಮೇಲೆ ಯಾರೂ ಕೇಳಲಿಲ್ಲ.

ಕೊಳದಲ್ಲಿ ಮೊದಲ ಹದಿನೈದು ದಿನ ನಾನು ಗೋಡೆ ಬಿಡಲಿಲ್ಲ. ಕಲಿಸುವ ದಕ್ಷಾಬೆನ್ ನನ್ನ ತಲೆಯ ಹಿಂದೆ ಅಂಗೈ ಇಟ್ಟು, "ಏನೂ ಮಾಡಬೇಡ. ಸುಮ್ಮನೆ ಮಲಗು" ಎನ್ನುತ್ತಿದ್ದರು. ಮದುವೆಯಾದ ಹದಿನೈದು ವರ್ಷದಲ್ಲಿ ನನಗೆ ಯಾರೂ ಹಾಗೆ ಹೇಳಿರಲಿಲ್ಲ. ಮೈ ನಂಬಲಿಲ್ಲ, ಕಲ್ಲಿನ ಹಾಗೆ ಮುಳುಗಿತು. ಮೂಗಿಗೆ, ಕಿವಿಗೆ ನೀರು ನುಗ್ಗಿ ಕಣ್ಣು ಕೆಂಪಗಾಗುತ್ತಿತ್ತು. ಜುಲೈ ಕೊನೆಗೆ ತೇಲಿದೆ. ಆಗಸ್ಟಿನಲ್ಲಿ ಮಳೆ ಬೀಳುವಾಗಲೂ ಹೋದೆ. ನವರಾತ್ರಿಯಲ್ಲಿ ಇಡೀ ಊರು ರಾತ್ರಿಯೆಲ್ಲ ಗರಬಾ ಕುಣಿದು ಬೆಳಿಗ್ಗೆ ಮಲಗಿದ್ದಾಗ ಕೊಳದಲ್ಲಿ ನಾನೂ ದಕ್ಷಾಬೆನ್ನೂ ಇಬ್ಬರೇ. ಉಸಿರು ತೆಗೆದುಕೊಳ್ಳಲು ಕತ್ತು ಹೊರಳಿಸುವುದು ಬಂತು. ಆದರೆ ಕೊಳದ ಮುಕ್ಕಾಲು ಭಾಗ ದಾಟಿದ ಮೇಲೆ ಕೆಳಗಿನ ನೆಲ ಜಾರಿ ಆಳಕ್ಕೆ ಇಳಿಯುತ್ತದೆ. ಅಲ್ಲಿ ನೀರು ಕಡುನೀಲಿ. ಅಲ್ಲಿಗೆ ಬಂದೊಡನೆ ಎದೆ ಧಸಕ್ಕೆಂದು ಪಕ್ಕದ ಹಗ್ಗ ಹಿಡಿದುಬಿಡುತ್ತಿದ್ದೆ. ದೀಪಾವಳಿ ರಜೆ ಮುಗಿದರೂ ಆ ಹಗ್ಗ ಬಿಟ್ಟಿರಲಿಲ್ಲ. ನವೆಂಬರ್ ಕೊನೆಗೆ ಚಳಿಗಾಲಕ್ಕೆಂದು ಕೊಳ ಮುಚ್ಚುತ್ತಾರೆ. ಮೂರು ವಾರ ಉಳಿದಿತ್ತು.

ಆಗಲೇ ಗಿರೀಶ ಎಲುಬಿನ ಡಾಕ್ಟರ ಬಳಿ ಹೆಸರು ಬರೆಸಿ ಬಂದರು. ಐದು ತಿಂಗಳಾಯಿತು, ಇನ್ನೂ ನೋವೆಂದರೆ ತೋರಿಸಲೇಬೇಕು ಎಂದು. ನಾನು ಬೇಡವೆಂದಷ್ಟೂ ಅವರ ಆತಂಕ ಹೆಚ್ಚಿತು. ಡಾಕ್ಟರು ಬಗ್ಗಿಸಿದರು, ತಿರುಗಿಸಿದರು, ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದರು. ಬೆನ್ನು ಬಹಳ ಚೆನ್ನಾಗಿದೆ, ನೋವಿತ್ತೆಂಬ ಗುರುತೂ ಇಲ್ಲ, ಏನು ಮಾಡಿದಿರಿ ಎಂದರು. ನನಗಿಂತ ಮೊದಲು ಗಿರೀಶ ಹೆಮ್ಮೆಯಿಂದ ಹೇಳಿದರು, "ಸ್ವಿಮ್ಮಿಂಗ್." ಡಾಕ್ಟರು ತಲೆದೂಗಿದರು.

ವಾಪಸು ಬರುವಾಗ ಸ್ಕೂಟರಿನಲ್ಲಿ ಗಿರೀಶ ಹಗುರಾಗಿದ್ದರು. "ಚಲೋ ಆತು ಬಿಡು. ಇನ್ನ ದಿನಾ ಆ ನೀರಾಗ ಬೀಳೂದು ತಪ್ಪಿತು. ನಾಳಿಂದ ಡಬ್ಬಿ ಕಳಸ್ತೀಯಲ್ಲ? ಕ್ಯಾಂಟೀನ್ ಊಟಕ್ಕ ಹೊಟ್ಟಿ ಕೆಟ್ಟು ಹೋಗೇತಿ."

ನಾನು ಹಿಂದೆ ಕೂತು ಅವರ ಅಂಗಿಯ ಬೆನ್ನನ್ನೇ ನೋಡುತ್ತಿದ್ದೆ. ನೋವು ಗುಣವಾಯಿತು, ಆದ್ದರಿಂದ ಗಂಟೆ ವಾಪಸು. ಮನೆ ಮುಟ್ಟುವಷ್ಟರಲ್ಲಿ ಆ ಗಂಟೆಗೆ ಇನ್ನಿಬ್ಬರು ಹಕ್ಕುದಾರರು ಹುಟ್ಟಿದ್ದರು. ಮಹಿಳಾ ಮಂಡಲದವರು ವಾಟ್ಸಾಪಿನಲ್ಲಿ, ಸುಮಾಬೆನ್ ಈಗ ಆರಾಮಾಗಿದ್ದಾರೆ, ಬೆಳಗಿನ ಹೊತ್ತು ಮಕ್ಕಳಿಗೆ ಗಣಿತ ಹೇಳಿಕೊಡಲಿ ಎಂದು ಬರೆದಿದ್ದರು. ಅನಘಾ ತನ್ನ ವಿಜ್ಞಾನದ ಮಾದರಿಯನ್ನು ಆ ಹೊತ್ತಿನಲ್ಲಿ ಮಾಡಿಕೊಡುವಂತೆ ಕೇಳಿದಳು. ಗಿರೀಶ ಡಾಕ್ಟರ ಬಾಗಿಲಿನಿಂದಲೇ ಮನೆಗೆ ಫೋನ್ ಮಾಡಿದ್ದರು, ನನ್ನ ಬೆನ್ನಿನ ಸುದ್ದಿ ನನಗಿಂತ ಮೊದಲು ಮೆಟ್ಟಿಲು ಹತ್ತಿತ್ತು.

ಮರುದಿನ ಬೆಳಿಗ್ಗೆ ರಸೀಲಾಬೆನ್ ಮನೆಗೆ ಹೋದೆ, ಇನ್ನು ಇಳಾಳನ್ನು ನೋಡಿಕೊಳ್ಳುವುದು ಬೇಡ ಎಂದು ಹೇಳಲು. ಅವರ ಗುಜರಾತಿಯನ್ನು ನನಗೆ ತಿಳಿದಂತೆ ಇಲ್ಲಿ ಬರೆಯುತ್ತೇನೆ. ಅವರು ಎರಡೂ ಕೈ ಜೋಡಿಸಿ ಗೋಡೆಯ ಮೇಲಿನ ಮಾತಾಜಿಯ ಪಟಕ್ಕೆ ನಮಸ್ಕರಿಸಿ, ನೇರ ಅಡುಗೆಮನೆಗೆ ಹೋಗಿ ಚಹಾಕ್ಕೆ ನೀರಿಟ್ಟರು. ಒಂದಲ್ಲ, ಎರಡು ಕಪ್ಪು.

"ಇವತ್ತು ನಾನೂ ಕುಡಿಯುತ್ತೇನೆ" ಎಂದರು. "ನಿನ್ನ ಬೆನ್ನಿಗಾಗಿ ಬಾಧಾ ಇಟ್ಟುಕೊಂಡಿದ್ದೆ."

ಬಾಧಾ ಎಂದರೆ ಇಲ್ಲಿನ ಹರಕೆ. ಬೇಕಾದವರಿಗೆ ಒಳ್ಳೆಯದಾಗುವವರೆಗೆ ತಮಗೆ ಪ್ರಿಯವಾದ ಒಂದನ್ನು ಬಿಟ್ಟುಬಿಡುವುದು. ಯಾರಿಗಾಗಿಯೋ ಅವರಿಗೂ ಹೇಳುವುದಿಲ್ಲ. ರಸೀಲಾಬೆನ್ ಗಂಡನ ಕಣ್ಣಿನ ಆಪರೇಷನ್ನಿಗೆ, ಸೊಸೆಯ ಹೆರಿಗೆಗೆ ಹೀಗೆ ಏನೇನೋ ಬಿಟ್ಟವರೆಂದು ಕೇಳಿದ್ದೆ. ಮಧ್ಯಾಹ್ನ ನನಗೆ ಚಹಾ ಕೊಟ್ಟು ತಾವು ಬರೀ ಬಿಸಿನೀರು ಹಿಡಿದು ಕೂರುತ್ತಿದ್ದುದನ್ನು ತಿಂಗಳುಗಟ್ಟಲೆ ನೋಡಿದ್ದೆ. ಪಿತ್ತ ಇರಬೇಕು ಎಂದುಕೊಂಡಿದ್ದೆ. ದಿನಕ್ಕೆ ನಾಲ್ಕು ಸಲ ಶುಂಠಿ ಜಜ್ಜಿ ಚಹಾ ಕುಡಿಯುವ ಹೆಂಗಸು, ಇಲ್ಲದ ನೋವಿಗಾಗಿ ಐದು ತಿಂಗಳು ಅದನ್ನು ಮುಟ್ಟಿರಲಿಲ್ಲ.

ಚಹಾ ಉಕ್ಕುವ ಮೊದಲೇ ಎಲ್ಲ ಹೇಳಿಬಿಟ್ಟೆ, ಅರ್ಧ ಗುಜರಾತಿ, ಅರ್ಧ ಹಿಂದಿ. ಬೆನ್ನು ನೋಯಲೇ ಇಲ್ಲ, ಡಾಕ್ಟರು ಹೇಳಲೇ ಇಲ್ಲ, ಈಜಬೇಕೆಂದು ಆಸೆಯಾಗಿತ್ತು, ಅಷ್ಟೇ. ಅವರು ಒಲೆ ಆರಿಸಿದರು. ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು.

"ಐದು ತಿಂಗಳು" ಎಂದರು. "ಸುಮಾ, ಐದು ತಿಂಗಳು ನಾನು ಚಹಾ ಕುಡಿದಿಲ್ಲ. ಮಾತಾಜಿಗೆ ನಾನೇನು ಮುಖ ತೋರಿಸಲಿ? ನನಗೆ ಮೊದಲೇ ಹೇಳಬಾರದಿತ್ತೆ?"

"ಹೇಳಿದ್ದರೆ ಇಳಾಳನ್ನು ನೋಡಿಕೊಳ್ಳುತ್ತಿದ್ದಿರಾ?"

ಕೋಪದಲ್ಲಿ ಕೇಳಿದ ಪ್ರಶ್ನೆ. ತಪ್ಪು ನನ್ನದಾಗಿದ್ದರೂ ಕೋಪ ಬಂದಿತ್ತು. ಅವರು ಸುಳ್ಳಾಡುವ ಹೆಂಗಸಲ್ಲ. ಕನ್ನಡಕ ಹಾಕಿಕೊಂಡು ಯೋಚಿಸಿದರು. ಘರಘಂಟಿಯಲ್ಲಿ ಯಾರದೋ ಗೋಧಿ ಬೀಸುತ್ತಿತ್ತು, ಅದು ನಿಲ್ಲುವವರೆಗೂ ಯೋಚಿಸಿದರು.

"ನಾ" ಎಂದರು. ಇಲ್ಲ. "ಎರಡು ದಿನ ನೋಡಿಕೊಳ್ಳುತ್ತಿದ್ದೆ. ಮೂರನೇ ದಿನ, ಮಗು ಬಿಟ್ಟು ಇವಳಿಗೇನು ಶೋಕಿ ಎನ್ನುತ್ತಿದ್ದೆ. ನಿನ್ನೆದುರಿಗಲ್ಲ, ಕೆಳಗಿನ ಮನೆಯವಳ ಹತ್ತಿರ."

"ನಿಮ್ಮ ಸಲುವಾಗಿ ಯಾವಾಗಲಾದರೂ ಬಾಧಾ ಇಟ್ಟುಕೊಂಡಿದ್ದೀರಾ?"

"ನನ್ನ ಸಲುವಾಗಿಯೇ? ಹಾಗೆ ಇಡುವುದಿಲ್ಲ."

"ಯಾರು ಹೇಳಿದ್ದು?"

ಅವರು ಒಲೆ ಮತ್ತೆ ಹಚ್ಚಿದರು. ಚಹಾ ಸೋಸಿ ನನ್ನ ಮುಂದೆ ಇಟ್ಟು ತಮ್ಮ ಕಪ್ಪಿನಿಂದ ಒಂದು ಗುಟುಕು ಕುಡಿದರು, ಕಣ್ಣು ಮುಚ್ಚಿಕೊಂಡು. ಆಮೇಲೆ ಹೇಳಿದರು. "ಇನ್ನು ಮೂರು ವಾರ ತಾನೇ? ಇಳಾಳನ್ನು ಬಿಟ್ಟು ಹೋಗು. ಆದರೆ ಈ ಸಲ ನಾನು ಚಹಾ ಬಿಡುವುದಿಲ್ಲ."

ನಾನು ಗುಜರಾತಿಯಲ್ಲಿ ಇಷ್ಟು ಹೇಳಬಲ್ಲೆನೆಂದು ನನಗೇ ಗೊತ್ತಿರಲಿಲ್ಲ. ಆಸೆಯ ಮಾತು ಹೇಳುವಾಗ ಅವರಿಗೆ 'ಮನೇ ಗಮೇ ಛೇ' ಎಂದಿದ್ದೆ, ನನಗೆ ಇಷ್ಟ ಎಂದು. ಆ ಮೂರು ಶಬ್ದ ಆಡುವಾಗ ನನ್ನ ಹಿಂದೆ ಯಾವ ಹಿರಿಯರೂ ನಿಂತಿರಲಿಲ್ಲ. ಅದನ್ನೇ ಗಿರೀಶನಿಗೆ ಕನ್ನಡದಲ್ಲಿ ಹೇಳಬೇಕೆಂದಾಗ ಮೂರು ದಿನ ನಾಳೆ ನಾಳೆ ಎಂದು ಮುಂದೂಡಿದೆ. ಮಕ್ಕಳಿಗೆ ಬೇಕು, ಮನೆಗೆ ಬೇಕು, ಅತ್ತೆಗೆ ಬೇಕು ಎಂದು ದಿನಕ್ಕೆ ನೂರು ಸಲ ಆಡಿದ ಭಾಷೆ ಅದು. ನನಗೆ ಬೇಕು ಎಂದು ಯಾವಾಗ ಹೇಳಿದ್ದೆ? ಆ ಮೂರು ದಿನವೂ ನಸುಕಿನಲ್ಲೇ ಎದ್ದು ಡಬ್ಬಿ ತುಂಬಿಸಿ, ಅವರು ಬಸ್ಸಿಗೆ ಹೋಗುವಾಗಲೇ ಕೈಗಿತ್ತು, ಹತ್ತಕ್ಕೆ ಕೊಳಕ್ಕೆ ಓಡಿದೆ, ಕಳ್ಳಿಯ ಹಾಗೆ. ಭಾಷಣದಾಕೆ ಹೇಳಿದ್ದನ್ನೇ ಮಾಡುತ್ತಿದ್ದೇನೆ ಎಂದು ಹೊಳೆದಾಗ ನನ್ನ ಮೇಲೆ ನನಗೇ ಸಿಟ್ಟು ಬಂತು.

ಭಾನುವಾರ ಬೆಳಿಗ್ಗೆ ಗಿರೀಶ ಬಾಲ್ಕನಿಯಲ್ಲಿ ಅವಲಕ್ಕಿ ತಿನ್ನುತ್ತಿದ್ದರು. ಎದುರು ಕುರ್ಚಿ ಎಳೆದುಕೊಂಡು ಕೂತೆ.

"ನನ್ನ ಬೆನ್ನು ಎಂದೂ ನೋಯ್ದಿಲ್ರಿ. ನನಗ ಈಜು ಬೇಕಾಗಿತ್ತು. ಇನ್ನೂ ಬೇಕು. ನಾಳಿಂದ ಹತ್ತೂವರಿ ಡಬ್ಬಿ ಇಲ್ಲ. ಕೊಳ ಮುಚ್ಚೂತನ ಇಲ್ಲ, ಮತ್ತ ತೆರದ ಮ್ಯಾಲೂ ಇಲ್ಲ."

ಅವರು ಚಮಚ ಕೆಳಗಿಟ್ಟರು. ಮೊದಲು ಅರ್ಥವಾಗಲಿಲ್ಲ, ಆಮೇಲೆ ಮುಖ ಸಣ್ಣದಾಯಿತು. "ಅಂದ್ರ ಇಷ್ಟ್ ದಿನ ನಾನು ಸಿಲಿಂಡರ್ ಎತ್ತಿದ್ದು, ಅವ್ವ ಎಣ್ಣಿ ಕಾಸಿ ಕಳಿಸಿದ್ದು? ಸುಮಾ, ನನಗ ಹೇಳಿದ್ರ ನಾ ಬ್ಯಾಡ ಅಂತಿದ್ನೇನು?"

"ಬ್ಯಾಡ ಅಂತಿರಲಿಲ್ರಿ. ನೋಡೋಣು ಅಂತಿದ್ರಿ."

ನಾನು ಎಂ.ಎಸ್ಸಿ. ಮುಗಿಸುತ್ತೇನೆಂದಾಗ ನೋಡೋಣು, ಇಲ್ಲಿ ಶಾಲೆಯ ಕೆಲಸಕ್ಕೆ ಅರ್ಜಿ ಹಾಕುತ್ತೇನೆಂದಾಗ ಮಕ್ಕಳು ಒಗ್ಗಲಿ, ನೋಡೋಣು. ಜಗಳವಾಡಿ ಗೆಲ್ಲಲು ಅದರಲ್ಲಿ ಏನೂ ಇಲ್ಲ. ಅವರಿಗೂ ಅದೆಲ್ಲ ನೆನಪಾಗುತ್ತಿತ್ತು ಎಂದು ಕಾಣುತ್ತದೆ, ಅವಲಕ್ಕಿ ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು. ಕೊನೆಗೆ, "ಸುಳ್ಳು ಹೇಳಿದ್ದು ಸರಿ ಅಲ್ಲ" ಎಂದರು.

"ಅಲ್ಲ" ಎಂದೆ. "ಖರೇ ಹೇಳಾಕ ಜಾಗ ಇಲ್ಲದಂಗ ಮಾಡೂದೂ ಸರಿ ಅಲ್ರಿ."

ಎರಡು ದಿನ ಅವರು ಸರಿಯಾಗಿ ಮಾತಾಡಲಿಲ್ಲ. ಆದರೆ ಸೋಮವಾರ ಡಬ್ಬಿ ಕೇಳಲಿಲ್ಲ. ಮಹಿಳಾ ಮಂಡಲಕ್ಕೆ, ಬೆಳಿಗ್ಗೆ ಹತ್ತರಿಂದ ಹನ್ನೊಂದು ನಾನು ಈಜುತ್ತೇನೆ, ಸಂಜೆ ಬೇಕಾದರೆ ಗಣಿತ ಹೇಳಿಕೊಡುತ್ತೇನೆ ಎಂದು ಬರೆದೆ. ಬೆನ್ನು ಹೇಗಿದೆ ಎಂದು ಒಬ್ಬರು ಕೇಳಿದರು. ಬೆನ್ನಿಗೂ ಇದಕ್ಕೂ ಸಂಬಂಧವಿಲ್ಲ ಎಂದು ಉತ್ತರಿಸಿದೆ.

ಕೊಳ ಮುಚ್ಚಲು ಎರಡು ದಿನವಿರುವಾಗ ಆ ಗೋಡೆ ಮುಟ್ಟಿದೆ. ನೀರು ಹಲ್ಲು ಕಟಕಟಿಸುವಷ್ಟು ತಣ್ಣಗಿತ್ತು. ಕಡುನೀಲಿ ಬಂದಾಗ ಹೆದರಿಕೆ ಹೋಗಿರಲಿಲ್ಲ, ಅದನ್ನು ಹೊತ್ತುಕೊಂಡೇ ಕೈ ಬೀಸಿದೆ. ಬೆರಳಿಗೆ ಟೈಲ್ಸಿನ ಅಂಚು ತಗುಲಿತು. ದಕ್ಷಾಬೆನ್ ಆಚೆ ತುದಿಯಲ್ಲಿ ಹೊಸಬಳೊಬ್ಬಳಿಗೆ ಕಾಲು ಬಡಿಯುವುದನ್ನು ಹೇಳಿಕೊಡುತ್ತಿದ್ದರು, ಯಾರೂ ನೋಡಲಿಲ್ಲ. ನಾನು ಗೋಡೆ ಹಿಡಿದು ಏದುಸಿರು ಬಿಡುತ್ತ ಅತ್ತುಬಿಟ್ಟೆ. ಎಷ್ಟು ಸಂತೋಷವಾಯಿತೆಂದರೆ, ಹನ್ನೆರಡಕ್ಕೆ ಇಳಾಳ ವ್ಯಾನು ಬರುವುದೇ ಮರೆತುಹೋಗಿ, ಆಮೇಲೆ ನೆನಪಾಗಿ ಓಡಿ ಓಡಿ ಬಂದೆ.

ಮಾರ್ಚಿನಲ್ಲಿ ಕೊಳ ತೆರೆದೊಡನೆ ಮತ್ತೆ ದಿನಾ ಈಜತೊಡಗಿದ್ದೆ. ಮೇ ತಿಂಗಳಲ್ಲಿ ಮಕ್ಕಳಿಬ್ಬರಿಗೂ ಒಟ್ಟಿಗೆ ರಜೆ ಬಂತು. ರಜೆಗೆ 'ಪಾಳಿ' ಇಲ್ಲವಲ್ಲ. ಗದಗಕ್ಕೆ ಹೋದೆವು. ಗಿರೀಶ ತಮ್ಮ ತಾಯಿಗೆ ಏನೂ ಹೇಳಿರಲಿಲ್ಲ, ನೋಡೋಣು ಎಂದಿದ್ದರು. ಮನೆ ತುಂಬ ಜನ, ಭಾವನ ಮಕ್ಕಳು, ನೆಗೆಣ್ಣಿಯ ತಂಗಿ. ಜೋಳದ ರೊಟ್ಟಿ ಬಡಿಯುವ ಸದ್ದಿಗೆ ಕಣ್ಣು ತುಂಬಿ ಬಂತು. ಎಲ್ಲರ ಮಾತೂ ಅರ್ಥವಾಗುವ ಊರು, ಏನು ಮಾಡುತ್ತೀರಿ ಎಂದು ಯಾರೂ ಕೇಳದ ಊರು. ಆದರೂ ದಿನಾ ಬೆಳಿಗ್ಗೆ ಹತ್ತಾದೊಡನೆ ತೋಳುಗಳು ಚಡಪಡಿಸುತ್ತಿದ್ದವು. ವಡೋದರಾದಲ್ಲಿ ರೊಟ್ಟಿಗೆ ಹಂಬಲಿಸುವವಳು ಇಲ್ಲಿ ರೊಟ್ಟಿ ತಿನ್ನುತ್ತ ಆ ನೀಲಿ ನೀರನ್ನು ನೆನೆಯುತ್ತಿದ್ದೆ.

ಮೂರನೆಯ ದಿನ ಅತ್ತೆ ಹಿತ್ತಲ ಕಡೆಯ ಕೋಣೆಯಲ್ಲಿ ಮಣೆ ಹಾಕಿ, ಎಣ್ಣೆ ಬಿಸಿ ಮಾಡಿ ಕರೆದರು. "ಬಾರವಾ, ಕೂಡು. ಬಾಟ್ಲಿ ಕಳಿಸಿದ್ರ ಆಕ್ಕೈತೇನು, ಕೈಯಿಂದ ತಿಕ್ಕಬೇಕು." ನಾನು ಬೆನ್ನು ತಿರುಗಿಸಿ ಕೂತೆ. ಎಪ್ಪತ್ತರ ಕೈ, ಆದರೂ ಬಲವಾದ ಕೈ. ಬೆಚ್ಚಗಿನ ಎಣ್ಣೆ ಬೆನ್ನಿನುದ್ದಕ್ಕೂ ಇಳಿಯಿತು. ಅವರ ಹೆಬ್ಬೆರಳು ಭುಜದ ಹತ್ತಿರ ಬಂದು ನಿಂತಿತು, ಒತ್ತಿ ನೋಡಿತು.

"ಭುಜ ಎಷ್ಟ್ ಗಟ್ಟಿ ಆಗ್ಯಾವ ನೋಡು" ಎಂದರು ಅತ್ತೆ, ಮರುಕದಿಂದ. "ಎಷ್ಟ್ ದುಡೀತೀಯವಾ ಅಲ್ಲಿ, ಒಬ್ಬಾಕೀನ."

ನನಗೆ ಸಹಿಸಲಾಗಲಿಲ್ಲ. ಈ ಜನ್ಮದಲ್ಲಿ ನನಗೆಂದು ಗಳಿಸಿಕೊಂಡದ್ದು ಅವೆರಡು ಭುಜ. ಅವೂ ಮನೆಗೆಲಸದ ಪಾಲಾಗುವುದೇ?

"ದುಡಿದದ್ದಕ್ಕ ಆದದ್ದಲ್ರಿ ಅತ್ತೀ. ಈಜಿದ್ದಕ್ಕ ಆಗ್ಯಾವ. ನನ್ನ ಬೆನ್ನು ನೋಯ್ದಿದ್ದಿಲ್ಲ. ನನಗ ಬೇಕಾಗಿತ್ತು, ಅದಕ್ಕ ಈಜಿದೆ."

ಬೆನ್ನ ಮೇಲಿನ ಕೈ ನಿಂತಿತು. ನಾನು ತಿರುಗಿ ನೋಡಲಿಲ್ಲ, ಧೈರ್ಯ ಅಷ್ಟಕ್ಕೇ ಮುಗಿದಿತ್ತು. ಹೊರಗೆ ಇಳಾ ಯಾರಿಗೋ ಗುಜರಾತಿಯಲ್ಲಿ ಎಣಿಸುವುದನ್ನು ಕಲಿಸುತ್ತಿದ್ದಳು, ಹನ್ನೊಂದರವರೆಗೆ ಎಣಿಸಿದಳು.

"ಮತ್ತ ಹೋಗ್ತೀಯೇನು?" ಎಂದರು ಅತ್ತೆ.

"ಹೋಗ್ತೀನ್ರಿ. ಅಲ್ಲಿ ಹೋದ ಕೂಡ್ಲೆ."

ಬಟ್ಟಲಿನಿಂದ ಇನ್ನಷ್ಟು ಎಣ್ಣೆ ಸುರಿದುಕೊಂಡ ಸದ್ದಾಯಿತು. ಕೈ ಮತ್ತೆ ಬೆನ್ನ ಮೇಲೆ ಬಂತು, ಮೊದಲಿಗಿಂತ ಗಟ್ಟಿಯಾಗಿ.

"ಅಲ್ಲಿ ಈಜು" ಎಂದರು. "ಇಲ್ಲಿ ಇರೂತನ ಸುಮ್ನ ಬೆನ್ನು ಕೊಟ್ಟು ಕೂಡು."